ಸಲ್ಲಾ ಕೊಟ್ಟ ಸಾಹೇಬರು

ಮೊನ್ನೆ ಮೊಮ್ಮಗಳ ಓದಿಗೆಂದು ಮನೆಗೆ ಹೊಸ ಕುರ್ಚಿ ಬಂತು. ಸುತ್ತಿದ್ದ ಪ್ಲಾಸ್ಟಿಕ್ ಹರಿದದ್ದೇ ತಡ, ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ನನಗೆ ಎಲ್ಲಿಲ್ಲದ ಸಿಟ್ಟು. "ಅದನ್ನ ಒಯ್ದು ಹೊರಗ ಇಡ್ರಿ!" ಎಂದು ಗದರಿಸಿದೆ. ಸೊಸೆ ಗಾಬರಿಯಾಗಿ ನನ್ನ ಮುಖ ನೋಡಿದಳು. ಪಾಪ, ಅವಳಿಗೇನು ಗೊತ್ತು... ಆ ವಾಸನೆಯ ನಡುವೆ ನಮ್ಮ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ಎಂಬತ್ತರ ದಶಕದ ಮಾತು. ನಾನು ಬಿ.ಕಾಂ. ಮುಗಿಸಿ ಸರಸಂಬಾದ ಮನೆಯಲ್ಲಿ ಕೂತು ಅಪ್ಪನಿಂದ ದಿನಾ ಮಂಗಳಾರತಿ ಮಾಡಿಸಿಕೊಳ್ಳುತ್ತಿದ್ದೆ. ಆಗ ಆಳಂದದಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಸಾಹೇಬರು ಆಫೀಸು ತೆರೆದರು. ಇವರೇನು ಹೊರಗಿನವರಲ್ಲ, ನರೋಣಾ ಕಡೆಯವರೇ. ಪುಣೆಯಲ್ಲಿ ಒಂದೆರಡು ವರ್ಷ ಇದ್ದು ಬಂದದ್ದಷ್ಟೇ, ಕೊರಳಿಗೆ ಟೈ ಬಂದಿತ್ತು, ನಾಲಿಗೆಯಿಂದ ನರೋಣಾ ಹೋಗಿತ್ತು. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಕನ್ಸಲ್ಟನ್ಸಿ' ಎಂದು ಬರೆಸಿದ್ದರು. ಹೊಸ ಉದ್ಯೋಗ ಹೂಡುವವರಿಗೆ, ವ್ಯಾಪಾರ ಕುಸಿದವರಿಗೆ ಸಲಹೆ ಕೊಟ್ಟು ಫೀ ತೆಗೆದುಕೊಳ್ಳುವುದು ಅವರ ಕಸುಬು. ನಾನು ಅಲ್ಲೇ ಕೆಲಸಕ್ಕೆ ಸೇರಿಕೊಂಡೆ.

ಊರಿನವರ ಬಾಯಲ್ಲಿ ಅದು 'ಕನಸಲ್ಟನ್ಸಿ' ಆಯಿತು, ಆಮೇಲೆ ಬರೀ 'ಕನಸಿನ ಅಂಗಡಿ'. ಒಂದು ದಿನ ಮುದುಕನೊಬ್ಬ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, "ನನ ಕನಸಿನ್ಯಾಗ ನಾಗಪ್ಪ ಬಂದಿದ್ದನ್ರಿ, ಛಲೋನೋ ಕೆಟ್ಟೋ ನೋಡಿ ಹೇಳ್ರಿ" ಎಂದು ಸಾಹೇಬರೆದುರು ಕುಕ್ಕರಗಾಲಲ್ಲಿ ಕೂತ. ಸಾಹೇಬರ ಮುಖ ಹರಳೆಣ್ಣೆ ಕುಡಿದಂತಾಯಿತು. ಅವನನ್ನು ಹೊರಗೆ ಕಳಿಸಲು ಹೇಳಿದರು. "ಛಲೋನ ಅದ ಬಿಡ್ರಿ ಮುತ್ಯಾ" ಎಂದು ನಾನೇ ಸಮಾಧಾನ ಹೇಳಿ ಇಳಿಸಿ ಬಂದೆ. ಆ ಆಫೀಸಿನಿಂದ ಸಂತೋಷವಾಗಿ ಹೋದ ಗಿರಾಕಿ ಅವನೊಬ್ಬನೇ ಇರಬೇಕು.

ನಮ್ಮ ಕಡೆ ಸಲಹೆಗೆ ಸಲ್ಲಾ ಅನ್ನುತ್ತಾರೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತರೆ ಬೇಡವೆಂದರೂ ನಾಲ್ಕು ಮಂದಿ ಸಲ್ಲಾ ಕೊಡುತ್ತಾರೆ. ಅದಕ್ಕೆ ರೊಕ್ಕ ಕೊಡುವುದುಂಟೇ ಎಂದು ಜನ ನಗುತ್ತಿದ್ದರು. ಆದರೆ ಸಲ್ಲಾಕ್ಕೆ ಒಂದು ಕಟ್ಟುಪಾಡು ಇತ್ತು. ಕೊಟ್ಟವನು ಸಂಗಟ ನಿಲ್ಲಬೇಕು. ಎತ್ತು ಕೊಳ್ಳೆಂದು ಹೇಳಿದವನು ಸಂತೆಗೆ ಬಂದು ಹಗ್ಗ ಹಿಡಿಯಬೇಕು. ಆ ಮನೆಗೆ ಹೆಣ್ಣು ಕೊಡೆಂದು ಹೇಳಿದವನು ನಾಳೆ ಅಲ್ಲಿ ಜಗಳವಾದರೆ ಪಂಚಾಯ್ತಿಯಲ್ಲಿ ಕೂತು ಬೈಸಿಕೊಳ್ಳಬೇಕು. ಪುಕ್ಕಟೆ ಕೊಟ್ಟವರೇ ಇಷ್ಟು ಮಾಡುತ್ತಿದ್ದರು. ನರೋಣಾದಲ್ಲಿ ಹುಟ್ಟಿದ ಮನುಷ್ಯನಿಗೆ ಇದು ಗೊತ್ತಿರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಆಫೀಸಿನಲ್ಲಿ ನಾವಿಬ್ಬರೇ. ಅವರು ಡೈರೆಕ್ಟರು, ನಾನು ಅಸೋಸಿಯೇಟು. ಅಂದರೆ ಕಸ ಗುಡಿಸುವವನೂ ಟೈಪು ಮಾಡುವವನೂ ನಾನೇ. ಗಿರಾಕಿ ಇಲ್ಲದಿದ್ದರೂ ಸೊಲ್ಲಾಪುರದಿಂದ ರೆಕ್ಸಿನ್ನಿನ ತಿರುಗುವ ಕುರ್ಚಿ ತರಿಸಿದ್ದರು, ಆಫೀಸೆಲ್ಲ ಅದರದೇ ವಾಸನೆ. ಹೊಲಸಾದೀತೆಂದು ಅದರ ಪ್ಲಾಸ್ಟಿಕ್ ತೆಗೆಯಲೇ ಇಲ್ಲ. ನಮ್ಮ ಬೇಸಿಗೆಯಲ್ಲಿ ಅವರು ಎದ್ದಾಗಲೆಲ್ಲ ಅಂಟಿಕೊಂಡ ಪ್ಯಾಂಟು ಪರ್ ಎಂದು ಬಿಟ್ಟುಕೊಳ್ಳುತ್ತಿತ್ತು. ನಾನು ಕೆಮ್ಮಿದಂತೆ ಮಾಡಿ ನಗು ನುಂಗುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, "ಟೈಪ್ ಮಾಡು, ಟೈಪ್ ಮಾಡು" ಎಂದು ಪಿಸುಗುಟ್ಟುವರು. ನಾನು ಕೈಗೆ ಬಂದ ಅಕ್ಷರ ಬಡಿಯುತ್ತಿದ್ದೆ. ಬಂದವನು ಪೈಜಾಮಾದ ಅಳತೆ ಕೊಡಲು ಪಕ್ಕದ ಟೇಲರನ ಕಡೆ ಹೋಗುತ್ತಿದ್ದ. ಸಾಹೇಬರು ಗಂಭೀರವಾಗಿ, "ಮಾರುಕಟ್ಟೆ ಇನ್ನೂ ಬೆಳೆದಿಲ್ಲ" ಎನ್ನುತ್ತಿದ್ದರು. ಥೂ, ಎಂಥ ಬಾಳು!

ಹೀಗಿರುವಾಗ ಅಫಜಲಪುರದಿಂದ ಸೋಡಾ ಭಾಯಿ ಬಂದರು. ಅಪ್ಪನ ಕಾಲದಿಂದ ಅವರದು ಗೋಲಿ ಸೋಡಾ ತಯಾರಿಸುವ ಮನೆತನ. ಒಂದು ಕೋಣೆ, ಒಂದು ಗ್ಯಾಸಿನ ಮಷೀನು, ರಾಶಿ ಹಸಿರು ಬಾಟಲಿ. ಅಪ್ಪ ತೀರಿಕೊಂಡ ಮೇಲೆ ತಾಯಿ ಆ ಬಾಟಲಿಗಳನ್ನು ತೊಳೆಯುತ್ತಲೇ ಮುದುಕಿಯಾಗಿದ್ದರು. ಈಗ ಪಟ್ಟಣದ ಬಣ್ಣದ ಪಾನೀಯಗಳು ಬಂದು ಸೋಡಾ ಕೇಳುವವರು ಕಡಿಮೆಯಾಗಿದ್ದರು. ಏನು ಮಾಡಲಿ ಎಂದು ಕೇಳಲು ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಸಾಹೇಬರು ಅಫಜಲಪುರಕ್ಕೆ ಹೋಗಿ ನೋಡಲೂ ಇಲ್ಲ. ಕುರ್ಚಿಯಲ್ಲಿ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿ ಸಲ್ಲಾ ಕೊಟ್ಟುಬಿಟ್ಟರು. ಗೋಲಿಯ ಕಾಲ ಮುಗಿಯಿತು, ಹಳೆಯ ಬಾಟಲಿ ಮಾರಿಬಿಡಿ, ತಗಡಿನ ಮುಚ್ಚಳದ ಬಾಟಲಿ ತನ್ನಿ. ಅಷ್ಟೇ. ಸೋಡಾ ಭಾಯಿ ಹೇಳಿದರು: "ಅಮ್ಮಾ ಒಪ್ಪಾಂಗಿಲ್ರಿ. ಆದ್ರ ಸಲ್ಲಾ ಕೇಳಿನಿ ಅಂದ್ಮ್ಯಾಗ ಮುರ್ಯಾಂಗಿಲ್ಲ. ನೀವು ಸಂಗಟ ಅದೀರಿ ಅಲ್ರಿ?"

"ಇದ್ದೇ ಇದ್ದೇನೆ" ಎಂದರು ಸಾಹೇಬರು.

ಆ ಬಾಟಲಿಗಳು ಹೋದವು. ತಾಯಿ ಅಂಗಳದಲ್ಲಿ ನಿಂತು ನೋಡಿದರಂತೆ. ಹೊಸ ಬಾಟಲಿ ಬಂತು. ಆದರೆ ಮುಚ್ಚಳ ತೆಗೆಯುವ ಸಲಕರಣೆ ಹಳ್ಳಿಯ ಪಾನ್ ಡಬ್ಬಿ ಅಂಗಡಿಗಳಲ್ಲಿ ಎಲ್ಲಿಂದ ಬರಬೇಕು? ಚೌಡಾಪುರದಲ್ಲಿ ಒಬ್ಬ ಹಲ್ಲಿನಿಂದ ಕಚ್ಚಿ ತೆಗೆಯಲು ಹೋಗಿ ಹಲ್ಲು ಮುರಿದುಕೊಂಡ. ತೆಗೆದರೂ ಗೋಲಿ ಒಳಗೆ ಬೀಳುವ ಆ ಸದ್ದಿಲ್ಲ. ಸದ್ದಿಲ್ಲದ ಸೋಡಾ ಸತ್ತ ಸೋಡಾ ಎಂದು ಜನ ಮುಟ್ಟಲೇ ಇಲ್ಲ. ಮಷೀನು ನಿಂತಿತು. ತಾಯಿ ಮಗನ ಜೊತೆ ಮಾತು ಬಿಟ್ಟರು. ಅದೇ ಮನೆಯಲ್ಲಿ ಬೇರೆ ಒಲೆ ಹೂಡಿಕೊಂಡರು.

ಸೋಡಾ ಭಾಯಿ ಮತ್ತೆ ಆಳಂದಕ್ಕೆ ಬಂದರು. ಕಿಟಕಿಯಿಂದ ನೋಡಿದ ಸಾಹೇಬರು ಒಳಗಿನ ಪರದೆಯ ಹಿಂದೆ ಕುರ್ಚಿ ಸಮೇತ ಸೇರಿಕೊಂಡು, "ಜೇವರ್ಗಿಗೆ ಹೋಗಿದ್ದಾರೆ ಅಂತ ಹೇಳು" ಎಂದರು. ನಾನು ಹಾಗೆಯೇ ಹೇಳಿದೆ. ಅಷ್ಟರಲ್ಲಿ ಪರದೆಯ ಹಿಂದೆ ಪರ್ ಎಂದಿತು. ಸೋಡಾ ಭಾಯಿ ಪರದೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕೂಗಾಡಲಿಲ್ಲ.

"ಸಾಹೇಬ್ರು ಬಂದ್ಮ್ಯಾಗ ಹೇಳ್ರಿ" ಎಂದರು ಪರದೆಗೆ ಕೇಳುವಂತೆ. "ನಾ ಬೈಯಾಕ ಬಂದಿಲ್ಲ. ನಷ್ಟದ ಮಾತೂ ಬ್ಯಾಡ. ಒಮ್ಮೆ ಬಂದು ನಮ್ಮಮ್ಮನ ಮುಂದ ಕುಂತು, ನಾನೇ ಸಲ್ಲಾ ಕೊಟ್ಟಿದ್ದೆ ಅಂತ ಅಂದ್ರ ಸಾಕು. ಮಗ ತನ್ನ ಮಸ್ತೀಲೆ ಅಪ್ಪನ ಬಾಟಲಿ ಮಾರ್‍ಯಾನ ಅಂತ ತಿಳ್ಕೊಂಡಾಳ. ನನ ಮಾರಿ ನೋಡವಲ್ಲಳು."

ಇಷ್ಟೇ ಕೇಳಿದ್ದು. ಒಂದು ಬಸ್ ಪ್ರಯಾಣ, ಒಂದು ಮಾತು. ಆ ಪುಣ್ಯಾತ್ಮ ಪರದೆಯ ಹಿಂದಿನಿಂದ ಕೆಮ್ಮಲೂ ಇಲ್ಲ. ಅವತ್ತು ನನಗೆ ಆ ಮನುಷ್ಯನ ಮೇಲೆ ಹೇಸಿಗೆ ಹುಟ್ಟಿತು. ಇಂದಿಗೂ ಹೋಗಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು, "ನಡೀರಿ ಭಾಯಿ, ನಾ ಬರ್ತೇನಿ" ಎಂದೆ.

ಗುಲಬರ್ಗಾದಲ್ಲಿ ಬಸ್ಸು ಬದಲಿಸಿ ಅಫಜಲಪುರ ಮುಟ್ಟಿದೆವು. ಅಮ್ಮ ಒಲೆಯ ಮುಂದೆ ಕೂತಿದ್ದರು. ನೀರಲ್ಲೇ ಬಾಳಿದ ಅವರ ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಲ್ಲಾ ದಿಯಾ ಸೋ ತೂಚ್ ಕ್ಯಾ ರೇ?" ಎಂದು ಕೇಳಿದರು. ಕೊಟ್ಟವನು ನೀನೇ ಏನೋ?

"ಹೌದ್ರಿ ಅಮ್ಮಾ. ನಾನೇ."

ಶುರುವಾಯಿತು ನೋಡಿ. "ನಿನ ಬಾಯಾಗ ಮಣ್ಣು ಬೀಳ್ಲಿ! ನಿನ ಓದು ಸುಡ್ಲಿ! ಮಂದಿ ಮನಿ ಮುರ್‍ಯಾಂವನ, ಕುಂತಲ್ಲೇ ಕುಂತು ಬಾಯಿ ಬಿಟ್ಟೀಯಲ್ಲ, ಒಂದರೆ ಬಾಟಲಿ ತೊಳದೀ ಏನಲೇ ನಿನ ಜನ್ಮದಾಗ?" ಕನ್ನಡ ಮುಗಿದರೆ ಉರ್ದು, ಉರ್ದು ಮುಗಿದರೆ ಮತ್ತೆ ಕನ್ನಡ. ಬೈಯುತ್ತ ಬೈಯುತ್ತ ಅತ್ತರು. ನಾನು ತಲೆ ತಗ್ಗಿಸಿ ಕೂತಿದ್ದೆ. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿ, "ಉಂಡಿಯೇನು?" ಎಂದರು. ಅಷ್ಟು ದೊಡ್ಡ ಆಳು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದರು.

ನನಗೂ ರೊಟ್ಟಿ ಹಾಕಿದರು. ಹೊರಡುವಾಗ ಅಮ್ಮ ಹೊಸ್ತಿಲವರೆಗೆ ಬಂದು ದನಿ ತಗ್ಗಿಸಿದರು: "ನೀ ಅಲ್ಲ ಅಂತ ನನಗ ಗೊತ್ತದ ಬೇಟಾ. ಮೀಸಿ ಸೈತ ಮೂಡಿಲ್ಲ, ನೀ ಏನ್ ಸಲ್ಲಾ ಕೊಟ್ಟೀ! ನಾ ಅಂದಿದ್ದೆಲ್ಲಾ ಹೋಗಿ ಅವಗ ಮುಟ್ಟಸು. ಒಂದು ಮಾತೂ ಬಿಡಬ್ಯಾಡ."

ಮುಟ್ಟಿಸ್ತೇನಿ ಎಂದು ಮಾತು ಕೊಟ್ಟೆ.

ಮರುದಿನ ಆಳಂದಕ್ಕೆ ಹೋದರೆ ಆಫೀಸಿಗೆ ಬೀಗ. ಕುರ್ಚಿಯೂ ಇಲ್ಲ, ಸಾಹೇಬರೂ ಇಲ್ಲ, ಬೋರ್ಡೊಂದು ತೂಗಾಡುತ್ತಿತ್ತು. ಹೈದರಾಬಾದಿನಲ್ಲಿ ಮತ್ತೊಂದು ಆಫೀಸು ತೆರೆದಿದ್ದಾರೆಂದು ಟೇಲರ ಆಮೇಲೆ ಹೇಳಿದ. ನನಗೆ ಬೇರೆ ಕಡೆ ನೌಕರಿ ಸಿಕ್ಕಿತು, ಮದುವೆ, ಮಕ್ಕಳು... ಆದರೂ ಒಂದಿಲ್ಲೊಂದು ದಿನ ಸಿಕ್ಕೇ ಸಿಗುತ್ತಾರೆ, ಆಗ ಎದುರು ನಿಂತು ಅಮ್ಮನ ಮಾತು ಹೇಳಿಯೇ ತೀರುತ್ತೇನೆ ಎಂದುಕೊಂಡಿದ್ದೆ. ದಾರಿಯಲ್ಲಿ ಒಬ್ಬನೇ ನಡೆಯುವಾಗ ಅದನ್ನು ಅಮ್ಮನ ದನಿಯಲ್ಲೇ ಹೇಳಿ ನೋಡುತ್ತಿದ್ದೆ.

ಅಮ್ಮ ಹೋಗಿ ಬಹಳ ಕಾಲವಾಯಿತು. ಸೋಡಾ ಭಾಯಿಯೂ ಇಲ್ಲ. ಕುರ್ಚಿ ಬಂದ ದಿನ ಸಂಜೆ ಮನಸ್ಸು ತಡೆಯದೆ ಟೇಲರನ ಮಗನಿಗೆ ಫೋನು ಮಾಡಿ ಸಾಹೇಬರು ಎಲ್ಲಿದ್ದಾರೆಂದು ಕೇಳಿದೆ. "ಹೋದ ವರ್ಷ ಸತ್ರಂತ ಕಾಕಾ, ನಿಮಗ ಗೊತ್ತಿಲ್ಲೇನ್ರಿ?" ಎಂದ.

ಫೋನು ಕೆಳಗಿಟ್ಟೆ. ಕಣ್ಣು ತುಂಬಿ ಬಂದವು. ಯಾರೋ ಬೇಕಾದವರು ಹೋದರೆಂದು ತಿಳಿದು ಸೊಸೆ ನೀರು ತಂದುಕೊಟ್ಟಳು. ಬೇಕಾದವರಲ್ಲವ್ವ ಎಂದೆ. ಅಮ್ಮ ನಂಬಿ ಕೊಟ್ಟ ಮಾತುಗಳು ಒಂದೂ ಕಳೆಯದೆ ನನ್ನ ಹತ್ತಿರವೇ ಇವೆ. ಕೇಳಿಸಿಕೊಳ್ಳಬೇಕಾದ ಮನುಷ್ಯ ಈ ಸಲವೂ ತಪ್ಪಿಸಿಕೊಂಡ.