ಬಾರ್ಕೂರಿನ ಅರಸನ ತೆರೆ

ಸಾಮ್ರಾಜ್ಯಗಳು ಏಕೆ ಪತನವಾಗುತ್ತವೆ ಎಂಬುದು ಗಹನವಾದ ಪ್ರಶ್ನೆ. ನಮ್ಮ ಬಾರ್ಕೂರಿನ ಸಾಮ್ರಾಜ್ಯ ಮಾತ್ರ ಪ್ರತಿ ಶನಿವಾರ, ಒಂದೂವರೆಯ ಬಸ್ಸು ಬಂತೆಂದು ಪತನವಾಗುತ್ತಿತ್ತು.

ಇತಿಹಾಸದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ, ಶನಿವಾರ ಶಾಲೆ ಬಿಟ್ಟ ನಂತರ ಮನೆಗೆ ಹೋಗುವ ಬಸ್ಸು ಬರುವವರೆಗೆ ಅಲ್ಲೇ ಜಗಲಿಯಲ್ಲಿ ಮಕ್ಕಳಿಂದ ಪುಟ್ಟ ನಾಟಕ ಆಡಿಸುತ್ತಿದ್ದೆ. ಈ ಊರು ರಾಜಧಾನಿಯಾಗಿದ್ದ ಕಾಲದಲ್ಲಿ ಅಕ್ಕಿ ಹೇಗೆ ಹಡಗು ಹತ್ತುತ್ತಿತ್ತು, ಸುಂಕ ಯಾರು ಎತ್ತುತ್ತಿದ್ದರು, ಅಷ್ಟೇ ಕತೆ. ಸುಂಕವೆಂದರೇನೆಂದು ನಾನು ವಿವರಿಸಬೇಕಾಗಲಿಲ್ಲ. ಸಾಸ್ತಾನದ ಟೋಲ್ ಗೇಟು ಆ ಪಾಠ ಮುಗಿಸಿಟ್ಟಿತ್ತು. ಸುಂಕದ ಅಧಿಕಾರಿಯಾದ ಹುಡುಗಿ ಅಕ್ಕಿಯ ಗಾಡಿಯನ್ನು ತಡೆದು, "ಹ್ವಾಯ್, ಫಾಸ್ಟ್ಯಾಗ್ ಇತ್ತಾ?" ಎಂದಳು.

ತೊಂದರೆ ಬಂದದ್ದು ಅರಸನಿಂದ. ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ಅರಸ ಸುಮ್ಮನೆ ನಡೆದು ಬರುವುದೆಂದರೆ ಅಪಮಾನ. ಇಬ್ಬರು ತೆರೆ ಹಿಡಿಯಬೇಕು, ಮೇಲೆ ಕಿರೀಟದ ತುದಿ ಕಾಣಬೇಕು, ಕೆಳಗೆ ಕಾಲು ಕುಣಿಯಬೇಕು. ಆ ಕಾಲದ ಅರಸರು ಹಾಗೆ ಬರುತ್ತಿರಲಿಲ್ಲವೆಂದು ನಾನು ಶಾಸನಗಳನ್ನು ಸಾಕ್ಷಿಗೆ ಕರೆದೆ.

ಮಕ್ಕಳಿಗೆ ಅವಲಕ್ಕಿ ತಂದಿದ್ದ ನನ್ನ ಹೆಂಡತಿ, "ನೀವ್ ಕಂಡಿದ್ರಿಯಾ?" ಎಂದಳು. "ಕುಣಿಲಿ ಮಾರ್ರೆ! ಮಕ್ಳಿಗೆ ಎಂತ ಶಾಸನ?"

ತನ್ನ ಹಳೆಯ ಕೆಂಪು ಸೀರೆಯನ್ನೇ ತೆರೆ ಮಾಡಿ ಒಂದು ತುದಿಯನ್ನು ತಾನು ಹಿಡಿದಳು. ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು. ಶಾಸನಗಳು ಸೋತವು.

ಮಳೆಗಾಲ ಮುಗಿಯುವಷ್ಟರಲ್ಲಿ ನಾಟಕ ಶಾಲೆಯ ವಾರ್ಷಿಕೋತ್ಸವಕ್ಕೆ ಗೊತ್ತಾಯಿತು, ಅವಳು ಆಸ್ಪತ್ರೆ ಸೇರಿದಳು. ಅಲ್ಲಿಂದಲೇ ತಾಕೀತು: "ವಾರ್ಷಿಕೋತ್ಸವಕ್ಕೆ ಬತ್ತೆ. ನನ್ನ ತುದಿ ಮಕ್ಳ್ ಕೈಗೆ ಕೊಡ್ಬೇಡಿ. ಗಿಡ್ಡ ಮಕ್ಳ್ ಹಿಡಿದ್ರೆ ಅರ್ಸನ ಮಂಡೆ ಇಡೀ ಕಾಣತ್."

"ಅಮ್ಮ ಬಪ್ಪುದ್ ಯಾವಾಗ ಸರ್?" ಎಂದು ಮಕ್ಕಳು ಶನಿವಾರ ಶನಿವಾರ ಕೇಳುತ್ತಿದ್ದರು. "ವಾರ್ಷಿಕೋತ್ಸವಕ್ಕೆ" ಎಂದು ನಾನು ರಾಜಾಜ್ಞೆಯ ಗತ್ತಿನಲ್ಲಿ ಸಾರುತ್ತಿದ್ದೆ. ಆ ಆಜ್ಞೆ ನಡೆಯಲಿಲ್ಲ. ವಾರ್ಷಿಕೋತ್ಸವಕ್ಕೆ ಮೊದಲೇ ಅವಳು ತೀರಿಕೊಂಡಳು.

ಈ ವರ್ಷ ನಾಟಕ ಬೇಡವೆಂದೆ. ಸುಂಕದ ಹುಡುಗಿ ಮನೆಗೇ ಬಂದು ಬಾಗಿಲಲ್ಲಿ ನಿಂತಳು. "ಅಮ್ಮ ಹೇಳಿರಲ್ದಾ ಸರ್, ಅರ್ಸ ಕುಣಿಲಿ ಅಂದೇಳಿ. ಸೀರೆ ಕೊಡಿ."

ಪೆಟ್ಟಿಗೆಯಿಂದ ತೆಗೆದು ಕೊಡುವಾಗ ಸೀರೆಯ ಮಡಿಕೆಯಲ್ಲಿ ಅವಲಕ್ಕಿ ಒಗ್ಗರಣೆಯ ವಾಸನೆ ಇನ್ನೂ ಇತ್ತು. ಹುಡುಗಿ ಅದನ್ನು ಮೂಸಿ ನೋಡಿದಳು.

ವಾರ್ಷಿಕೋತ್ಸವದ ದಿನ ಅರಸ ಕುಣಿಯುತ್ತಲೇ ಬಂದ. ತೆರೆಯ ಒಂದು ತುದಿಯನ್ನು ನಾನು ಹಿಡಿದಿದ್ದೆ. ಇನ್ನೊಂದನ್ನು ಕಿಟಕಿಯ ಸರಳಿಗೆ ಕಟ್ಟಿದ್ದೆವು.