ಹನಗೋಡಿನ ಮೋಟಾರಿಗೆ ಮಾಡಿದ ಬಿಲ್ಲೆಗಳು

ಹುಣಸೂರಿನಲ್ಲಿ ನನ್ನ ಕುಲುಮೆ ನಡೆಯುತ್ತಿದ್ದ ಕಾಲದಲ್ಲಿ ಹನಗೋಡಿನ ಕಡೆ ಮೋಟಾರು ಇಟ್ಟುಕೊಂಡಿದ್ದವರು ಒಬ್ಬರೇ ಗೌಡರು. ಮೈಸೂರಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ಕಾರನ್ನು ತಂದು, ಹಿಂಭಾಗ ಕತ್ತರಿಸಿ, ಹಲಗೆ ಹೊಡೆಸಿ, ಜನರನ್ನೂ ಮೂಟೆಗಳನ್ನೂ ಹೇರಿಕೊಂಡು ಸಂತೆಗೆ ಬರುವ ಹಾಗೆ ಮಾಡಿಸಿದ್ದರು. ಅದಕ್ಕೆ ಬೇಕಾದ ಪಟ್ಟಿ, ಕೊಂಡಿಗಳನ್ನೆಲ್ಲ ಬಡಿದುಕೊಟ್ಟವನು ನಾನೇ. ಅದರ ಡ್ರೈವರ್ ನನ್ನ ಗೆಳೆಯ. ನಾನು ಸಾಬರ ಮನೆಯವನು, ಅವನು ಒಕ್ಕಲ ಮನೆಯವನು. ಒಂದೇ ಬೀದಿಯಲ್ಲಿ ಆಡಿ ಬೆಳೆದಿದ್ದೆವು.

ಮೋಟಾರಿಗೆ ಇದ್ದ ಕಾಟ ಒಂದೇ. ಎತ್ತಿನ ಗಾಡಿಗಳು ಓಡಾಡಿ ರಸ್ತೆಯಲ್ಲಿ ಆಳವಾದ ಎರಡು ಜಾಡು ಬಿದ್ದಿದ್ದವು. ಮೋಟಾರಿನ ಅಗಲ ಗಾಡಿಯ ಅಗಲಕ್ಕಿಂತ ಕಡಿಮೆ. ಒಂದು ಚಕ್ರ ಜಾಡಿಗೆ ಇಳಿದರೆ ಇನ್ನೊಂದು ದಿಬ್ಬದ ಮೇಲೆ. ಒಳಗೆ ಕೂತವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಚಕ್ರಕ್ಕೂ ಅದನ್ನು ಬಿಗಿಯುವ ಗುಂಬಕ್ಕೂ ನಡುವೆ ದಪ್ಪನೆಯ ದುಂಡು ಬಿಲ್ಲೆ ಕೂರಿಸಿ ಚಕ್ರಗಳನ್ನು ಹೊರಗೆ ತಳ್ಳಿದರೆ ಎರಡೂ ಜಾಡಿನಲ್ಲೇ ಓಡುತ್ತವೆ ಎಂದು ಗೌಡರಿಗೆ ಯಾರೋ ಹೇಳಿದ್ದರು. ಮಾತು ಸುಳ್ಳಲ್ಲ.

"ಮರದಲ್ಲೇ ಮಾಡ್ಬುಡಿ ಸಾಬ್ರೇ. ಗಾಡಿ ಚಕ್ರದ ತುಂಡು ನಮ್ಮನೇಲಿ ಬೇಕಾದಂಗೆ ಬಿದ್ದವೆ," ಎಂದರು ಗೌಡರು.

"ಮರ ಆಗಲ್ಲ ಗೌಡ್ರೇ. ಒತ್ತಡಕ್ಕೆ ಅಮುಕ್ಕೊಳ್ತದೆ, ನಟ್ಟು ಸಡಿಲ ಆಗ್ತದೆ. ಕಬ್ಬಿಣವೇ ಆಗಬೇಕು. ಅದರ ಜೊತೆಗೆ ಉದ್ದದ ಬೋಲ್ಟೂ ಬೇಕು."

ಕೃಷ್ಣರಾಜನಗರದ ರೈಲು ನಿಲ್ದಾಣದ ಹತ್ತಿರ ಹಳೇ ಕಬ್ಬಿಣ ಮಾರುವವನೊಬ್ಬನಿದ್ದ. ಅವನ ರಾಶಿಯಲ್ಲಿ ಹುಡುಕಿ, ಬಡಿದು ಸದ್ದು ಕೇಳಿ, ಬಿರುಕಿಲ್ಲದ ದಪ್ಪ ಕಬ್ಬಿಣದ ತುಂಡು ಆರಿಸಿ ತಂದೆ. ಕಾಯಿಸಿ ದುಂಡಗೆ ಕತ್ತರಿಸಿ, ಕೈಯಲ್ಲೇ ತಿರುಗಿಸುವ ಬೈರಿಗೆಯಿಂದ ತೂತು ಕೊರೆದು, ಅರದಿಂದ ಉಜ್ಜಿ ಉಜ್ಜಿ ಎರಡು ಮುಖವನ್ನೂ ಸಮ ಮಾಡಿದೆ. ಉದ್ದದ ಬೋಲ್ಟಿಗೆ ತಿರುಪು ಕೊರೆಯುವ ಅಚ್ಚು ನನ್ನಲ್ಲಿರಲಿಲ್ಲ, ಮೈಸೂರಿನಲ್ಲೇ ಮಾಡಿಸಬೇಕಿತ್ತು.

ಹೊರಡುವ ಮುಂಚೆ ಗೆಳೆಯನನ್ನು ಕೂರಿಸಿಕೊಂಡು ತೋರಿಸಿದೆ. "ನೋಡು, ಈಗಿರೋ ಬೋಲ್ಟಿಗೆ ಈ ಬಿಲ್ಲೆ ಹಾಕಿದ್ರೆ ನಟ್ಟಿಗೆ ಹಿಡಿಯೋಕೆ ತುದಿ ಮಾತ್ರ ಸಿಗ್ತದೆ. ಚಕ್ರ ಕಳಚ್ಕೊಂಡು ಹೋಗ್ತದೆ. ನಾನು ಬರೋವರೆಗೂ ಇದನ್ನ ಮುಟ್ಟಬೇಡ."

"ನಂಗೊತ್ತಾಯ್ತಿಲ್ವೇನ್ಲಾ? ನಾನೇನು ಎಳೇ ಮಗುವಾ?" ಎಂದ.

ಮೈಸೂರಿನಿಂದ ಬೋಲ್ಟು ಹೊತ್ತುಕೊಂಡು ಬಂದಾಗ ಬಿಲ್ಲೆಗಳು ಅಂಗಡಿಯಲ್ಲಿರಲಿಲ್ಲ. "ನಿಮ್ಮ ಗೆಳೆಯರೇ ಬಂದು ಒಯ್ದರು. ಅಮಲ್ದಾರರು ಬರ್ತಾರಂತೆ, ಗೌಡರು ಈಗಲೇ ಬೇಕು ಅಂದರಂತೆ," ಎಂದಳು ನನ್ನ ಹೆಂಡತಿ.

ಬೋಲ್ಟುಗಳನ್ನು ಅಲ್ಲೇ ಕೆಳಗೆ ಹಾಕಿದೆ. ಪಕ್ಕದ ಅಂಗಡಿಯವರ ಸೈಕಲ್ಲು ಕೇಳಿ ಪಡೆದು ಹೊರಟೆ. ಹನಗೋಡಿನ ಹತ್ತಿರ ಹೊಳೆಯ ಕಡೆಗೆ ಇಳಿಯುವ ಜಾಗದಲ್ಲಿ ಜನ ಗುಂಪುಗೂಡಿದ್ದರು. ಮೋಟಾರು ಮಗ್ಗುಲಾಗಿ ಬಿದ್ದಿತ್ತು. ಕಳಚಿದ ಚಕ್ರ ಗದ್ದೆಯ ಬದುವಿನಲ್ಲಿತ್ತು. ಅಮಲ್ದಾರರು ಇನ್ನೂ ಬಂದೇ ಇರಲಿಲ್ಲ. ಮೋಟಾರಿನಲ್ಲಿದ್ದವರು ಸಂತೆಯ ಜನ, ಅವರ ಜೊತೆ ಆ ಸುತ್ತಿನ ಸೂಲಗಿತ್ತಿ ಅವ್ವ. ನನ್ನ ಮಕ್ಕಳನ್ನೆಲ್ಲ ಹಿಡಿದ ಕೈ ಅದು. ಆ ಬಲಗೈ ಹಲಗೆಯ ಕೆಳಗೆ ಸಿಕ್ಕಿ ನುಜ್ಜಾಗಿತ್ತು.

ಆಮೇಲೆ ಹನಗೋಡಿನ ಚಾವಡಿಯಲ್ಲಿ ಹಿರಿಯರು ಸೇರಿದರು. ಗೌಡರು ನನ್ನ ಕಡೆ ನೋಡದೆ, "ಸಾಬ್ರು ಮಾಡಿದ ಬಿಲ್ಲೆ ಸರಿಯಿರ್ನಿಲ್ಲ, ಅದ್ಕೇ ಅಂಗಾಯ್ತು," ಎಂದರು. ಹಿರಿಯರೊಬ್ಬರು ಡ್ರೈವರನ್ನು ಕೇಳಿದರು. ಅವನು ನೆಲ ನೋಡುತ್ತಾ, "ಊಂ ಕಣ್ರೀ, ಬಿಲ್ಲೇದೇ ತಪ್ಪು," ಎಂದ.

ನನ್ನ ಮೈ ಉರಿಯಿತು. ಬದುವಿನಿಂದ ಹೆಕ್ಕಿಕೊಂಡು ಬಂದಿದ್ದ ಬಿಲ್ಲೆಯನ್ನು ಚಾವಡಿಯ ಕಲ್ಲಿನ ಮೇಲೆ ಎಸೆದೆ. "ಎಲ್ಲಿ ಮುರಿದಿದೆ ತೋರಿಸಿ! ನಟ್ಟು ಕಿತ್ತು ಬಂದಿದ್ದಕ್ಕೆ ಬಿಲ್ಲೆ ಏನು ಮಾಡ್ತದೆ? ಲೋ, ನನ್ನ ಮುಖ ನೋಡಿ ಹೇಳು, ಮುಟ್ಟಬೇಡ ಅಂದಿರಲಿಲ್ವ ನಾನು?"

ಅವನು ನೋಡಲಿಲ್ಲ. ಹಿರಿಯರು ಬಿಲ್ಲೆಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಆಗಿದ್ದು ಆಗೋಯ್ತು ಬುಡಿ ಸಾಬ್ರೇ, ಯಾಕೆ ಕೂಗಾಡ್ತೀರಿ," ಎಂದರು. ಕೈ ಕಳೆದುಕೊಂಡವಳನ್ನು ಯಾರೂ ಏನೂ ಕೇಳಲಿಲ್ಲ. ಅಲ್ಲಿಗೆ ಕರೆಸಿಯೂ ಇರಲಿಲ್ಲ.

ಕೆಲವು ವಾರಗಳ ನಂತರ ಗೆಳೆಯ ಉದ್ದದ ಬೋಲ್ಟು ಕೇಳಿಕೊಂಡು ಕುಲುಮೆಯ ಮುಂದೆ ಬಂದು ನಿಂತ. "ಕೆಲ್ಸ ಓಗ್ತಿತ್ತು ಕಣ್ಲಾ. ಮನೇಲಿ ನಾಲ್ಕು ಬಾಯಿ," ಎಂದ. ಕಾದ ಇಕ್ಕಳ ನನ್ನ ಕೈಯಲ್ಲಿತ್ತು. ಅದನ್ನು ಅವನ ಮೇಲೆ ಬೀಸದೆ ಕೆಳಗಿಡಲು ಎಷ್ಟು ಕಷ್ಟವಾಯಿತೆಂದು ನನಗೆ ಮಾತ್ರ ಗೊತ್ತು. ಆ ಮೋಟಾರಿನಲ್ಲಿ ಮತ್ತೆ ಜನ ಕೂರುತ್ತಾರಲ್ಲ ಎಂದು ನಾನೇ ಹೋಗಿ ನನ್ನ ಕೈಯಾರೆ ಬೋಲ್ಟು, ಬಿಲ್ಲೆ ಬಿಗಿದು ಬಂದೆ. ಅವನೊಂದಿಗೆ ಒಂದು ಮಾತೂ ಆಡಲಿಲ್ಲ. ಅಲ್ಲಿಂದಾಚೆಗೂ ಆಡಲಿಲ್ಲ.

ಅವ್ವ ತನ್ನ ಸೊಸೆಗೆ ಕೆಲಸ ಕಲಿಸುತ್ತಿದ್ದಳು. ತಾನು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳುವುದು, ಸೊಸೆ ಮಾಡುವುದು. ಗೌಡರ ಮಗಳಿಗೆ ಹೆರಿಗೆ ನೋವು ಬಂದಾಗ ಅವರ ಮನೆಗೂ ಹೋದಳು. ಅದನ್ನು ಕೇಳಿದ ದಿನವೇ ನಾನು ಅವಳ ಗುಡಿಸಲಿಗೆ ಹೋದೆ.

"ಅವರ ಮನೆಗೆ ಯಾಕವ್ವ ಹೋದೆ? ನಿನ್ನ ಹೆಸರು ಕೂಡ ಎತ್ತಲಿಲ್ಲ ಅವರು!"

ಅವಳು ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಎಣ್ಣು ನೋವು ತಿಂತಾ ಬಿದ್ದಿದ್ಲು ಕಣ್ ಮಗಾ. ಅವುಳ್ನ ಬುಟ್ಟು ಅವರಪ್ಪನ್ ಮ್ಯಾಲೆ ಕ್ವಾಪ ತೀರಿಸ್ಕಳಾಕಾಯ್ತದಾ?" ಎಂದಳು. ಆ ಕೈಯನ್ನು ಎತ್ತಿ ಹಿಡಿದು, "ಕ್ವಾಪ ಇಲ್ಲ ಅಂತ ತಿಳ್ಕಬ್ಯಾಡ. ಕೂಸ ತಾಯ್ ಕೈಗ್ ಕೊಟ್ಟು, ಗೌಡನ ಮುಂದೇನೇ ಈ ಬಟ್ಟೆ ಬಿಚ್ಚಿ ತೋರ್ಸಿ ಬಂದೆ," ಎಂದಳು.

"ಏನಂದರು?"

"ಏನಂದಾನು? ಎದ್ದು ಒಳಕ್ಕೋದ."

ಅವಳ ಸೊಸೆ ತಂದುಕೊಟ್ಟ ನೀರು ಕುಡಿದು ಎದ್ದು ಬಂದೆ. ಆಮೇಲೆ ಗೌಡರ ಮನೆಯಿಂದ ನೇಗಿಲಿನ ಗುಳ ಹದ ಮಾಡಿಸಲು ಆಳು ಬಂದರೂ ವಾಪಸು ಕಳಿಸಿದೆ. ಊರಿನವರು ನನ್ನನ್ನು ಸಿಡುಕ ಎಂದರು. ಅನ್ನಲಿ.