ಪುದೀನದ ಕೆಳಗಿನ ಚೀಸ್

ಅನುಮಾನ ಟೊಮಾಸಾಳ ಹುಟ್ಟುಗುಣ. ಪಾದ್ರಿ ಹರಸಿದರೂ "ಇವತ್ತೇನು ಬೇಕಂತೆ ಇವರಿಗೆ?" ಅನ್ನುವ ಹೆಂಗಸು. ಎನ್‌ಕಾರ್ನಸಿಯೋನ್‌ನಿಂದ ಪರಾನಾ ನದಿಯಾಚೆಯ ಪೊಸಾದಾಸ್‌ಗೆ ಅವಳ ತಾಯಿ ದೋಣಿಯಲ್ಲಿ ಬುಟ್ಟಿ ಸಾಗಿಸಿದವಳು. ಸೇತುವೆ ಎದ್ದ ಮೇಲೆ ಮಗಳು ಬಸ್ಸಿನಲ್ಲಿ. ಆಚೆ ದಡ ಬೇರೆ ದೇಶ. ಬುಟ್ಟಿಯಲ್ಲಿ ಮೇಲೆ ಪುದೀನ, ಕೆಳಗೆ ಬಟ್ಟೆ ಸುತ್ತಿದ ಚೀಸ್. ಸುಂಕದವರು ಸೊಪ್ಪನ್ನು ಕಂಡೂ ಕಾಣದಂತೆ ಬಿಡುತ್ತಾರೆ, ಚೀಸ್ ಬಿಡುವುದಿಲ್ಲ. ಹಾಸಿಗೆ ಹಿಡಿದ ಗಂಡನನ್ನು ಅವಳು ಸಾಕಿದ್ದು ಆ ಚೀಸಿನಿಂದಲೇ.

ಆ ತಿಂಗಳು ಮೂರು ಸಲ ಸಿಕ್ಕಿಬಿದ್ದಳು. ಇನ್ನೊಮ್ಮೆ ಸಿಕ್ಕಿದರೆ ಗಡಿ ದಾಟುವ ಕಾರ್ಡೇ ಹೋಗಿ ಹೊಟ್ಟೆಗೆ ತಣ್ಣೀರು ಬಟ್ಟೆ. ಯಾರೋ ಚಾಡಿ ಹೇಳಿದ್ದಾರೆ! ಬುಟ್ಟಿಯ ತಳ ಬಲ್ಲವಳು ನಿಮಿಯಾ ಒಬ್ಬಳೇ. ಅವಳ ಮಗಳಿಗೆ ಟೊಮಾಸಾ ಜ್ಞಾನಸ್ನಾನದ ತಾಯಿ. ಅಂದಿನಿಂದ ಇಬ್ಬರೂ ಪರಸ್ಪರ 'ಕೊಮಾದ್ರೆ', ಒಂದೇ ಮಗುವಿನ ಜೊತೆತಾಯಂದಿರು. ಜೋಳದ ಹಿಟ್ಟು ಮಾರುವ ನಿಮಿಯಾ ಚೀಸ್ ಮುಟ್ಟಿದವಳೇ ಅಲ್ಲ. ಬಸ್ಸಿಗೆ ಕಾಯುತ್ತ ಇಬ್ಬರೂ ಹದಿನಾಲ್ಕು ವರ್ಷ ಒಂದೇ ಕೊಂಬಿನ ಲೋಟದಲ್ಲಿ, ಒಂದೇ ಕೊಳವೆಯಲ್ಲಿ ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯ ಹೀರಿದ್ದರು. ಈಗ ಟೊಮಾಸಾ ಬೇರೆ ಲೋಟ ತಂದಳು.

"ಏನೇ ಕೊಮಾದ್ರೆ, ನನ್ನ ಎಂಜಲು ಕಹಿ ಆಯ್ತಾ?"

"ಹಲ್ಲುನೋವು ಕಣೇ."

"ಇರೋದೇ ನಾಲ್ಕು ಹಲ್ಲು, ಅದಕ್ಕೂ ನೋವಾ!"

ನಗೋದು ನೋಡು, ಕಳ್ಳಿ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಟೊಮಾಸಾ ಬಲೆ ಬೀಸಿದಳು. "ನಾಳೆ ಎಂಟು ಕಿಲೋ ಚೀಸ್ ತಗೊಂಡ್ ಹೋಗ್ತೀನಿ. ಯಾರಿಗೂ ಹೇಳ್ಬೇಡ."

"ಹುಚ್ಚಾ ನಿಂಗೆ? ಕಾರ್ಡ್ ಹೋಗತ್ತೆ ಕಣೇ!"

ಮರುದಿನ ಟೊಮಾಸಾ ಬರೀ ಪುದೀನ ತುಂಬಿಕೊಂಡು ಹೋದಳು. ತಪಾಸಣೆಯ ಸಾಲಿನಲ್ಲಿ ನಿಮಿಯಾ ಅವಳನ್ನು ತಳ್ಳಿಕೊಂಡು ಮುಂದೆ ನುಗ್ಗಿದಳು. ಹೋ, ಕಿವಿ ಊದೋಕೆ ಹೊರಟಳು! ಅಧಿಕಾರಿಯ ನಾಯಿ ಬುಟ್ಟಿಗಳನ್ನು ಮೂಸುತ್ತ ಹತ್ತಿರ ಬಂತು. ತಟ್ಟನೆ ನಿಮಿಯಾ ತನ್ನ ಬುಟ್ಟಿಯನ್ನು ಅಧಿಕಾರಿಯ ಬೂಟಿನ ಮೇಲೆ ಬೋರಲು ಹಾಕಿದಳು. ಚೀಸ್ ಉರುಳಿತು. "ಬಡವರ ಬುಟ್ಟೀನೇ ಕಾಣ್ಸೋದಾ ನಿಮ್ಗೆ?" ಎಂದು ಸೇತುವೆ ಅದುರುವಂತೆ ಕೂಗಾಡಿದಳು. ಎಲ್ಲರೂ ಅವಳನ್ನು ಮುತ್ತಿಕೊಂಡರು. ಟೊಮಾಸಾ ಸಲೀಸಾಗಿ ದಾಟಿದಳು.

ಸಂಜೆ ನಿಮಿಯಾ ಈಚೆ ದಡದ ನಿಲ್ದಾಣದಲ್ಲಿ ಕಾದಿದ್ದಳು. ಅಧಿಕಾರಿಗೆ ಎದುರಾಡಿದ್ದಕ್ಕೆ ಅವಳ ಕಾರ್ಡ್ ಕಿತ್ತುಕೊಂಡಿದ್ದರು.

"ಹೋದ್ರೆ ಹೋಗ್ಲಿ, ನನ್ ಮಗಳು ದುಡೀತಾಳೆ. ನಿಂಗ್ಯಾರಿದ್ದಾರೆ? ಆ ಹಾಳು ನಾಯಿ ಬಂದ ತಿಂಗಳಿಂದ್ಲೇ ಅಲ್ವಾ ನೀನು ಸಿಕ್ಕಿಬೀಳ್ತಿರೋದು? ಅದಕ್ಕೇ ನಾನೇ ಚೀಸ್ ಕೊಂಡು ತಂದು ಅದರ ಮೂಗಿಗೆ ಹಿಡಿದೆ. ಎಂಟು ಕಿಲೋನೂ ಮಾರಿದ್ಯಾ?" ಎನ್ನುತ್ತ ಬುಟ್ಟಿಯ ಬಟ್ಟೆ ಎತ್ತಿದಳು.

ನಾಯಿ! ಮನುಷ್ಯರನ್ನೆಲ್ಲ ಅನುಮಾನಿಸಿದವಳಿಗೆ ನಾಯಿ ಹೊಳೆದಿರಲೇ ಇಲ್ಲ.

ಮಾರದೆ ಉಳಿದ ಪುದೀನವನ್ನು ನಿಮಿಯಾ ತಳದವರೆಗೆ ಕೆದಕಿದಳು. ಬೆರಳು ಮೂಸಿದಳು. "ಚೀಸ್ ವಾಸನೇನೇ ಇಲ್ಲ. ಹಾಗಾದ್ರೆ ನಿನ್ನೆ ನಂಗೆ ಹೇಳಿದ್ದು..." ಎಂದವಳು ಟೊಮಾಸಾಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಟೊಮಾಸಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲೋಟ ತುಂಬಿಸಿ, ಪದ್ಧತಿಯಂತೆ ಮೊದಲ ಸರದಿ ತಾನು ಹೀರಿ, ಮತ್ತೆ ತುಂಬಿಸಿ ಮುಂದೆ ಹಿಡಿದಳು. "ತಗೊಳ್ಳೇ, ಕೊಮಾದ್ರೆ."

"ಬೇಡಿ ಅಮ್ಮಾವ್ರೇ," ಎಂದಳು ನಿಮಿಯಾ. "ನನ್ನ ಲೋಟ ನನ್ನ ಹತ್ರ ಇದೆ."